ಆಸ್ಪತ್ರೆಯಲ್ಲಿ ಸ್ವಯಂಸೇವೆ: ಗಡಿಭಾಗದವರು ಮೊದಲು ತಿಳಿದಿರಬೇಕಾದದ್ದು

ಉಮರ್ಗಾ: ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಫಲಕಗಳು ಮರಾಠಿಯಲ್ಲಿವೆ, ವೈದ್ಯರ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಆದರೆ ಸರದಿಯಲ್ಲಿ ನಿಂತ ಮುತ್ಯಾ, ಆಯಿಗಳಲ್ಲಿ ಹಲವರ ನೋವು ಕನ್ನಡದಲ್ಲಿದೆ. ಗಡಿಯ ಈಚೆಗಿನ ಹಳ್ಳಿಗಳ ಹಿರಿಯರು ಮಾತ್ರವಲ್ಲ, ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ ತಾಲೂಕುಗಳ ಅಂಚಿನ ಊರಿನವರೂ ಹತ್ತಿರವೆಂದು ಇತ್ತ ಬರುತ್ತಾರೆ. ಇಂಥಲ್ಲಿ ಎರಡೂ ಭಾಷೆ ಬಲ್ಲ ಒಬ್ಬ ಸ್ವಯಂಸೇವಕ ವಾರಕ್ಕೆ ಮೂರು ತಾಸು ಕೊಟ್ಟರೂ ದೊಡ್ಡ ಉಪಕಾರವಾಗುತ್ತದೆ. ಅದೇ ವ್ಯಕ್ತಿ ಸಿದ್ಧತೆ ಇಲ್ಲದೆ ನಿಂತರೆ ಒಂದು ತಪ್ಪು ಮಾತಿನಿಂದ ರೋಗಿಯ ಜೀವಕ್ಕೆ ಅಪಾಯ ತರಬಲ್ಲ. ಹೀಗಾಗಿ ಆಸ್ಪತ್ರೆ ಸೇವೆಗೆ ಇಳಿಯುವವರು ಏನು ಮಾಡಬೇಕು, ಏನು ಮಾಡಬಾರದು ಎಂಬ ವಿವರ ಇಲ್ಲಿದೆ.

ಎರಡು ಭಾಷೆಯ ನೆಲ

ಈ ಭಾಗದಲ್ಲಿ ಎರಡು ಭಾಷೆ ಬೆರೆತಿರುವುದು ಹೊಸದಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಉದಗೀರ ಮತ್ತು ನಿಲಂಗಾ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಉಮರ್ಗಾ ಆಗಿನ ಉಸ್ಮಾನಾಬಾದ್, ಅಂದರೆ 2023ರಿಂದ ಧಾರಾಶಿವ ಎಂದು ಹೆಸರಾದ ಜಿಲ್ಲೆಯಲ್ಲಿದೆ. ಗಡಿ ರೇಖೆ ಬಂದ ಮೇಲೂ ಬೀಗತನ, ಸಂತೆ, ಜಾತ್ರೆ ನಿಲ್ಲಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ರೂಢಿಯಲ್ಲೇ ಮೂರು ತಲೆಮಾರು ಕಳೆದಿದೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಈ ಎರಡು ಭಾಷೆಯ ತಿಳಿವಳಿಕೆಯನ್ನು ಇಲ್ಲಿಯವರು ದೊಡ್ಡ ಗುಣವೆಂದು ಎಣಿಸುವುದೇ ಇಲ್ಲ. ಆಸ್ಪತ್ರೆಯಲ್ಲಿ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ.

ಸೇವೆಯ ಪರಂಪರೆಯೂ ಇಲ್ಲಿಗೆ ಹೊಸದಲ್ಲ. ಕಾಯಕ, ದಾಸೋಹದ ಮಾತು ಹುಟ್ಟಿದ ಬಸವಕಲ್ಯಾಣ ಗಡಿಯಾಚೆ ಪಕ್ಕದಲ್ಲೇ ಇದೆ. 1970ರಲ್ಲಿ ಆಗಿನ ಅಹಮದನಗರ ಜಿಲ್ಲೆಯ ಜಾಮಖೇಡದಲ್ಲಿ ಡಾ. ರಜನಿಕಾಂತ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ದಂಪತಿ ಆರೋಗ್ಯ ಯೋಜನೆ ಆರಂಭಿಸಿ, ಓದು ಬರಹ ಇಲ್ಲದ ಹಳ್ಳಿ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. 1979ರಲ್ಲಿ ಇಬ್ಬರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಧಾರಾಶಿವ ಜಿಲ್ಲೆಯದೇ ತುಳಜಾಪುರ ತಾಲೂಕಿನ ಅಣದೂರಿನಲ್ಲಿ ಡಾ. ಶಶಿಕಾಂತ ಅಹಂಕಾರಿ ಮತ್ತು ಡಾ. ಶುಭಾಂಗಿ ಅಹಂಕಾರಿ ಕಟ್ಟಿದ ಹ್ಯಾಲೋ ಮೆಡಿಕಲ್ ಫೌಂಡೇಶನ್ ‘ಭಾರತವೈದ್ಯ’ ಎಂಬ ಹೆಸರಿನಲ್ಲಿ ಹಳ್ಳಿಯ ಮಹಿಳೆಯರನ್ನು ತಯಾರು ಮಾಡಿತು. ಇವೆರಡೂ ಹೇಳುವ ಪಾಠ ಒಂದೇ. ಪದವಿಗಿಂತ ತರಬೇತಿ, ಉತ್ಸಾಹಕ್ಕಿಂತ ನಿಯಮಿತತೆ ಮುಖ್ಯ.

ಭೂಕಂಪ ಕಲಿಸಿದ ಪಾಠ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿ, ಸಾಸ್ತೂರ ಭಾಗದಲ್ಲಿ ಭೂಮಿ ನಡುಗಿ ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ 8ರಿಂದ 10 ಸಾವಿರ ಜನ ಸತ್ತರು. ಔಸಾ ಮತ್ತು ಉಮರ್ಗಾ ತಾಲೂಕುಗಳಿಗೆ ದೊಡ್ಡ ಪೆಟ್ಟು ಬಿತ್ತು. ಕಲ್ಲು ಮಣ್ಣಿನ ಗೋಡೆ, ಭಾರದ ಮಾಳಿಗೆಗಳ ಅಡಿಯಿಂದ ಗಾಯಾಳುಗಳನ್ನು ಮೊದಲು ಎತ್ತಿದವರು ಬದುಕುಳಿದ ಮನೆಯವರು ಮತ್ತು ಅಕ್ಕಪಕ್ಕದ ಊರಿನವರೇ. ಸುತ್ತಲ ಜಿಲ್ಲೆಗಳಿಂದ ಸಾವಿರಾರು ಜನ ನೆರವಿಗೆ ಓಡಿ ಬಂದರು. ಅವರ ಜೊತೆ ಬರೀ ನೋಡಲು ಬಂದವರೂ ಸೇರಿ ಕಿರಿದಾದ ರಸ್ತೆಗಳು ತುಂಬಿದವು.

ಸಾಸ್ತೂರಿನಲ್ಲಿ ಭೂಕಂಪದ ಬಳಿಕ ತಲೆ ಎತ್ತಿದ ‘ಸ್ಪರ್ಶ’ ಗ್ರಾಮೀಣ ರುಗ್ಣಾಲಯ ಆ ದಿನಗಳ ನೆನಪಾಗಿದೆ. ಆಪತ್ತಿನ ದಿನ ಓಡಿ ಬರುವ ಮನಸ್ಸು ಈ ಭಾಗದ ಜನರಿಗೆ ಇದೆ ಎಂಬುದು ಆಗಲೇ ಸಿದ್ಧವಾಗಿದೆ. ಆದರೆ ಆಸ್ಪತ್ರೆಗೆ ಬೇಕಾದದ್ದು ಆಪತ್ತು ಇಲ್ಲದ ಸಾದಾ ಮಂಗಳವಾರದಂದೂ ಹೇಳಿದ ಹೊತ್ತಿಗೆ ಬಂದು ನಿಲ್ಲುವ ಜನ.

ಯಾರನ್ನು ಕೇಳಬೇಕು?

ಮಹಾರಾಷ್ಟ್ರದಲ್ಲಿ ಹಳ್ಳಿ ಮಟ್ಟದಲ್ಲಿ ಉಪಕೇಂದ್ರ, ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ಗ್ರಾಮೀಣ ರುಗ್ಣಾಲಯ, ಉಪಜಿಲ್ಲಾ ರುಗ್ಣಾಲಯ, ಕೊನೆಗೆ ಜಿಲ್ಲಾ ರುಗ್ಣಾಲಯ ಎಂಬ ಶ್ರೇಣಿ ಇದೆ. ಉಮರ್ಗಾ ಮತ್ತು ನಿಲಂಗಾದಲ್ಲಿ ಉಪಜಿಲ್ಲಾ ರುಗ್ಣಾಲಯಗಳಿವೆ. ಉದಗೀರದಲ್ಲಿ ಸಾಮಾನ್ಯ ರುಗ್ಣಾಲಯವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಕೀಯ ಅಧಿಕಾರಿಯನ್ನು, ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಅಧೀಕ್ಷಕರನ್ನು ಕಾಣಬೇಕು. ವಾರ್ಡಿನ ಸಿಸ್ಟರ್ ಅಥವಾ ಕಂಪೌಂಡರ್ ಪರಿಚಯದವರೆಂದು ನೇರವಾಗಿ ಒಳಗೆ ಹೋಗಿ ಕೆಲಸಕ್ಕೆ ನಿಲ್ಲುವುದು ಸರಿಯಲ್ಲ. ನಾಳೆ ಏನಾದರೂ ಎಡವಟ್ಟಾದರೆ ಅವರ ನೌಕರಿಗೂ ಕುತ್ತು.

2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕಾಲದಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ರುಗ್ಣ ಕಲ್ಯಾಣ ಸಮಿತಿ’ಗಳಿವೆ. ಕರ್ನಾಟಕದಲ್ಲಿ ಇಂಥದೇ ಸಮಿತಿಗೆ ಆರೋಗ್ಯ ರಕ್ಷಾ ಸಮಿತಿ ಎನ್ನುತ್ತಾರೆ. ರೋಗಿಗಳ ಅನುಕೂಲದ ವಿಷಯ ಈ ಸಮಿತಿಯ ಮುಂದೆ ಬರುವುದರಿಂದ ಸ್ವಯಂಸೇವೆಯ ಅರ್ಜಿಯಲ್ಲಿ ಅದನ್ನೂ ಉಲ್ಲೇಖಿಸುವುದು ಒಳ್ಳೆಯದು.

ಅರ್ಜಿ ಮರಾಠಿಯಲ್ಲಿ, ಒಂದೇ ಪುಟದಲ್ಲಿ ಇರಲಿ. ಅದರಲ್ಲಿ ಈ ಅಂಶಗಳಿದ್ದರೆ ಸಾಕು:

1. ಹೆಸರು, ವಯಸ್ಸು, ಊರು, ಮೊಬೈಲ್ ಸಂಖ್ಯೆ, ತುರ್ತಿಗೆ ಮನೆಯವರ ಸಂಖ್ಯೆ.
2. ಮಾತನಾಡಲು, ಓದಲು, ಬರೆಯಲು ಬರುವ ಭಾಷೆಗಳು. ಓದಲು ಬಾರದ ಭಾಷೆ ಇದ್ದರೆ ಅದನ್ನೂ ಸ್ಪಷ್ಟವಾಗಿ ಬರೆಯಬೇಕು.
3. ವಾರದ ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಬರಬಲ್ಲರು ಎಂಬ ವಿವರ.
4. ಯಾವ ಕೆಲಸ ಮಾಡಲು ಇಚ್ಛೆ: ವಿಚಾರಣೆ, ದಾರಿ ತೋರಿಸುವುದು, ಭಾಷಾ ನೆರವು ಇತ್ಯಾದಿ.
5. ಸಂಬಳ, ಭತ್ಯೆ, ಮುಂದೆ ನೌಕರಿಯ ಹಕ್ಕು ಕೇಳುವುದಿಲ್ಲ ಎಂಬ ಒಪ್ಪಿಗೆ.
6. ರೋಗಿಗಳ ವಿಷಯ ಹೊರಗೆ ಹೇಳುವುದಿಲ್ಲ ಎಂಬ ಒಪ್ಪಿಗೆ.

ಜೊತೆಗೆ ಆಧಾರ್ ಪ್ರತಿ, ಎರಡು ಫೋಟೊ ಇಡಬೇಕು. 18 ತುಂಬದವರಿಗೆ ತಂದೆತಾಯಿಯ ಒಪ್ಪಿಗೆ ಪತ್ರ ಬೇಕು. ಕಾಲೇಜು ವಿದ್ಯಾರ್ಥಿಗಳು ಎನ್ನೆಸ್ಸೆಸ್ ಘಟಕದ ಮೂಲಕ ಬಂದರೆ ಕೆಲಸ ಸುಲಭ. ಎನ್ನೆಸ್ಸೆಸ್‌ನಲ್ಲಿ ವರ್ಷಕ್ಕೆ 120 ತಾಸಿನಂತೆ ಎರಡು ವರ್ಷದಲ್ಲಿ 240 ತಾಸು ಸೇವೆ ಮಾಡಬೇಕಿದ್ದು, ಆಸ್ಪತ್ರೆ ಕೆಲಸವನ್ನು ಅದರಲ್ಲಿ ಸೇರಿಸಿಕೊಳ್ಳಬಹುದೇ ಎಂದು ಕಾರ್ಯಕ್ರಮ ಅಧಿಕಾರಿಯನ್ನು ಕೇಳಬೇಕು. ನಿವೃತ್ತ ಶಿಕ್ಷಕರು, ಮಕ್ಕಳು ಶಾಲೆಗೆ ಹೋದ ಮೇಲೆ ಬಿಡುವಿರುವ ಗೃಹಿಣಿಯರು ಈ ಕೆಲಸಕ್ಕೆ ಬಹಳ ಒಗ್ಗುತ್ತಾರೆ. ಹೆಣ್ಣುಮಕ್ಕಳ ವಾರ್ಡಿನಲ್ಲಿ ಹೆಣ್ಣು ಸ್ವಯಂಸೇವಕಿಯರ ಅಗತ್ಯ ಹೆಚ್ಚು.

ಅಧೀಕ್ಷಕರು ಒಪ್ಪಿದರೆ ಗುರುತಿನ ಚೀಟಿ ಕೇಳಿ ಪಡೆಯಬೇಕು. ಇದು ಅಲಂಕಾರಕ್ಕಲ್ಲ. ದೊಡ್ಡ ಆಸ್ಪತ್ರೆಗಳ ಸುತ್ತ ರೋಗಿಗಳನ್ನು ಖಾಸಗಿ ಲ್ಯಾಬ್, ದವಾಖಾನೆಗಳಿಗೆ ಎಳೆದೊಯ್ದು ಕಮಿಷನ್ ತಿನ್ನುವ ದಲ್ಲಾಳಿಗಳೂ ಇರುತ್ತಾರೆ. ‘ಬರ್ರಿ ಕಾಕಾ, ನಾ ತೋರಸ್ತೀನಿ’ ಎಂದು ಅವರೂ ಅಷ್ಟೇ ಪ್ರೀತಿಯಿಂದ ಕರೆಯುತ್ತಾರೆ. ಕೊರಳಲ್ಲಿ ಆಸ್ಪತ್ರೆ ಕೊಟ್ಟ ಚೀಟಿ ಇದ್ದರೆ ಮಾತ್ರ ರೋಗಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಮೊದಲ ವಾರ ಬರೀ ನೋಡುವುದು

ಹೊಸಬರು ಮೊದಲ ಎರಡು ಮೂರು ಸರದಿಗಳಲ್ಲಿ ಕೈಹಾಕದೆ ನೋಡಿ ತಿಳಿದುಕೊಳ್ಳುವುದು ಉತ್ತಮ. ಕೇಸ್ ಪೇಪರ್ ಎಲ್ಲಿ ಮಾಡಿಸುತ್ತಾರೆ, ಯಾವ ಕೋಣೆಯಲ್ಲಿ ಯಾವ ವೈದ್ಯರು, ರಕ್ತ ತಪಾಸಣೆ ಎಷ್ಟು ಹೊತ್ತಿನವರೆಗೆ, ಎಕ್ಸ್‌ರೇ ಎಲ್ಲಿ, ಔಷಧಿ ಕಿಟಕಿ ಎಲ್ಲಿ, ಕುಡಿಯುವ ನೀರು ಮತ್ತು ಶೌಚಾಲಯ ಎಲ್ಲಿ ಎಂಬುದನ್ನು ಒಂದು ಕಾಗದದಲ್ಲಿ ನಕ್ಷೆ ಮಾಡಿಕೊಳ್ಳಬೇಕು. ಹಳ್ಳಿಯಿಂದ ಬಂದವರ ಅರ್ಧ ದಿನ ಹಾಳಾಗುವುದು ಇದು ಗೊತ್ತಿಲ್ಲದೆಯೇ. ರಕ್ತ ತಪಾಸಣೆಯ ವೇಳೆ ಮುಗಿದಿದ್ದರೆ ಮರುದಿನ ಮತ್ತೆ ಬಸ್ ಚಾರ್ಜು, ಮತ್ತೊಂದು ದಿನದ ಕೂಲಿ ನಷ್ಟ.

ಹಣದ ವಿಷಯದಲ್ಲೂ ತಿಳಿದಿರಬೇಕಾದ ಸಂಗತಿ ಇದೆ. ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ 2023ರ ಆಗಸ್ಟ್ 15ರಿಂದ ತಪಾಸಣೆ ಮತ್ತು ಚಿಕಿತ್ಸೆ ಉಚಿತ ಮಾಡಲಾಗಿದೆ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಬೇರೆ ಇಲಾಖೆಗೆ ಸೇರಿದ್ದು ಅಲ್ಲಿನ ನಿಯಮ ಬೇರೆ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇರುವ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ. ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇದೆ. ಎರಡು ರಾಜ್ಯಗಳ ನಿಯಮ, ಕಾರ್ಡು ಬೇರೆ ಬೇರೆ. ‘ನಿಮ್ಮ ಕಾರ್ಡಿಗೆ ಇಲ್ಲಿ ಆಗ್ತದ’ ಅಥವಾ ‘ಆಗೂದಿಲ್ಲ’ ಎಂದು ಸ್ವಯಂಸೇವಕ ತಾನೇ ತೀರ್ಪು ಕೊಡಬಾರದು. ರೇಷನ್ ಕಾರ್ಡು, ಆಧಾರ್ ಸಮೇತ ಆರೋಗ್ಯಮಿತ್ರರ ಮುಂದೆ ಕೂರಿಸುವುದಷ್ಟೇ ಕೆಲಸ.

ಮಾಡಬಹುದಾದ ಕೆಲಸ, ಮಾಡಬಾರದ ಕೆಲಸ

ಮಾಡಬಹುದಾದವು:
* ದಾರಿ ತೋರಿಸುವುದು, ಕೇಸ್ ಪೇಪರ್ ಮಾಡಿಸಲು ನೆರವಾಗುವುದು.
* ಸಿಸ್ಟರ್ ಹೇಳಿದಾಗ ವ್ಹೀಲ್ ಚೇರ್ ತಳ್ಳುವುದು.
* ಒಂಟಿಯಾಗಿ ಬಂದ ಮುದುಕರ ಜೊತೆ ಕುಳಿತುಕೊಳ್ಳುವುದು, ಅವರ ಮನೆಗೆ ಫೋನ್ ಮಾಡಿಕೊಡುವುದು.
* ಮುಂದಿನ ಸಲ ಬರುವ ದಿನವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡುವುದು.
* ಮರಾಠಿ - ಕನ್ನಡ ಮಾತು ದಾಟಿಸುವುದು.

ಮಾಡಬಾರದವು:
* ಗುಳಿಗೆ, ಇಂಜೆಕ್ಷನ್, ಸಲೈನ್ ಮುಟ್ಟುವುದು. ಸಲೈನ್ ಮುಗಿದರೂ ಸಿಸ್ಟರ್ ಕರೆಯಬೇಕು, ತಾನೇ ತೆಗೆಯಬಾರದು.
* ಕೇಳದೆ ನೀರು, ಚಹಾ, ಊಟ ಕೊಡುವುದು. ಶಸ್ತ್ರಚಿಕಿತ್ಸೆಗೆ ಸಿದ್ಧವಾದವರಿಗೆ ಒಂದು ಲೋಟ ಚಹಾವೂ ಅಪಾಯ.
* ಬಿದ್ದು ಪೆಟ್ಟಾದವರನ್ನು ಸಿಬ್ಬಂದಿ ಇಲ್ಲದೆ ಎತ್ತುವುದು. ಬೆನ್ನು, ಕುತ್ತಿಗೆಗೆ ಪೆಟ್ಟಾಗಿದ್ದರೆ ಎತ್ತುವ ರೀತಿ ತಪ್ಪಿದರೂ ಕೈಕಾಲು ಸ್ವಾಧೀನ ತಪ್ಪಬಹುದು.
* ರಿಪೋರ್ಟ್ ಓದಿ ಅರ್ಥ ಹೇಳುವುದು, ‘ಇದಕ್ಕ ಸೋಲಾಪುರಕ್ಕೇ ಹೋಗ್ಬೇಕು’ ಎಂದು ಸಲಹೆ ಕೊಡುವುದು.
* ರೋಗಿಯಿಂದ ಹಣ, ಹಣ್ಣು, ಪ್ರಯಾಣದ ಖರ್ಚು ಯಾವುದನ್ನೂ ತೆಗೆದುಕೊಳ್ಳುವುದು.
* ವಾರ್ಡಿನಲ್ಲಿ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುವುದು. ಹಣ್ಣು ಹಂಚಿದ ಫೋಟೊ ಆದರೂ ಸರಿ, ಹಾಸಿಗೆಯಲ್ಲಿ ಮಲಗಿದವನ ಒಪ್ಪಿಗೆ ಇಲ್ಲದೆ ತೆಗೆಯಬಾರದು.

ಮಾತು ದಾಟಿಸುವ ಕೆಲಸ

ಗಡಿಭಾಗದ ಸ್ವಯಂಸೇವಕನ ನಿಜವಾದ ಪರೀಕ್ಷೆ ಇಲ್ಲಿದೆ. ಎರಡೂ ಭಾಷೆ ಬರುತ್ತದೆ ಎಂದ ಮಾತ್ರಕ್ಕೆ ಮಾತು ದಾಟಿಸಲು ಬರುತ್ತದೆ ಎಂದಲ್ಲ. ಹತ್ತಿರದ ಭಾಷೆಗಳಲ್ಲಿ ಒಂದೇ ಸಪ್ಪಳದ ಬೇರೆ ಅರ್ಥದ ಪದಗಳು ಬಹಳ ಇವೆ. ಕೆಲವನ್ನು ಗಮನಿಸಬಹುದು.

ಕಾಲ್: ಮರಾಠಿಯಲ್ಲಿ ನಿನ್ನೆ. ‘ಕಾಲ್ ದುಖತ್ ಹೋತಂ ಕಾ?’ ಎಂದರೆ ನಿನ್ನೆ ನೋವಿತ್ತೇ ಎಂದು. ಕನ್ನಡವಷ್ಟೇ ಬಲ್ಲ ಅಜ್ಜಿ ಹೊಟ್ಟೆನೋವಿಗೆ ಬಂದಿದ್ದರೂ ಕಾಲು ತೋರಿಸುತ್ತಾಳೆ.

ಮಾನ್: ಮರಾಠಿಯಲ್ಲಿ ಕುತ್ತಿಗೆ. ಕನ್ನಡದ ಮಾನ ಬೇರೆಯೇ ಮಾತು.

ಪಾಠ್: ಮರಾಠಿಯಲ್ಲಿ ಬೆನ್ನು.

ಹಾಡ್: ಮರಾಠಿಯಲ್ಲಿ ಎಲುಬು.

ತಾಪ್: ಮರಾಠಿಯಲ್ಲಿ ಜ್ವರ. ಕನ್ನಡದಲ್ಲಿ ತಾಪ ಎಂದರೆ ಬಿಸಿ, ಸಂಕಟ. ‘ಮೈಯೆಲ್ಲ ತಾಪ’ ಎಂದವರಿಗೆ ಜ್ವರ ಇರಲೇಬೇಕೆಂದಿಲ್ಲ, ಉರಿ ಇರಬಹುದು.

ದೀಡ್, ಅಡೀಚ್: ಒಂದೂವರೆ, ಎರಡೂವರೆ. ಮಗುವಿನ ಔಷಧಿ ‘ಅಡೀಚ್ ಎಂ.ಎಲ್.’ ಎಂದರೆ ಎರಡೂವರೆ ಎಂ.ಎಲ್. ಬಾಯಲ್ಲಿ ಹೇಳಿ ಬಿಡದೆ ಅಳತೆಯ ಮುಚ್ಚಳದ ಗೆರೆಯನ್ನು ಔಷಧಿ ಕಿಟಕಿಯವರಿಂದಲೇ ತಾಯಿಗೆ ತೋರಿಸಿಸಬೇಕು.

ಪರವಾ: ಇದು ಎಲ್ಲಕ್ಕಿಂತ ಮೋಸದ ಪದ. ಮರಾಠಿಯಲ್ಲಿ ನಾಡಿದ್ದಿಗೂ ಪರವಾ, ಮೊನ್ನೆಗೂ ಪರವಾ. ನಾಯಿ ಕಚ್ಚಿದವರಿಗೆ ರೇಬೀಸ್ ಲಸಿಕೆಯನ್ನು ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಕೊಡುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಇಂಥಲ್ಲಿ ಪರವಾ, ನಾಡಿದ್ದು ಎನ್ನದೆ ವಾರ ಮತ್ತು ತಾರೀಖು ಎರಡನ್ನೂ ಹೇಳಿ, ಚೀಟಿಯಲ್ಲಿ ಬರೆಸಿ, ಮನೆಯವರಿಂದ ತಿರುಗಿ ಹೇಳಿಸಬೇಕು.

ಉಪಾಶೀ ಪೋಟೀ: ಬರಿ ಹೊಟ್ಟೆಯಲ್ಲಿ ಎಂದರ್ಥ. ಇದನ್ನು ‘ಉಪವಾಸ ಬರ್ರಿ’ ಎಂದು ದಾಟಿಸಿದರೆ ಕೆಲಸ ಕೆಟ್ಟಿತು. ಏಕಾದಶಿಯ ಉಪವಾಸಕ್ಕೆ ಸಾಬೂದಾಣಿ ಖಿಚಡಿ, ಶೇಂಗಾ, ಬಾಳೆಹಣ್ಣು, ಚಹಾ ನಡೆಯುತ್ತದೆ. ರೋಗಿ ಭಕ್ತಿಯಿಂದ ಅದನ್ನೇ ತಿಂದು ಬರುತ್ತಾನೆ. ಶುಗರ್ ತಪಾಸಣೆಯಾದರೆ ಲೆಕ್ಕ ತಪ್ಪುತ್ತದೆ. ಶಸ್ತ್ರಚಿಕಿತ್ಸೆಯಾದರೆ ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ಪ್ರಾಣಾಪಾಯವಾಗಬಹುದು. ‘ಏನೂ ತಿನ್ನಬ್ಯಾಡ್ರಿ, ಚಾ ಸುದ್ದಾ ಬ್ಯಾಡ’ ಎಂದು ಬಿಡಿಸಿ ಹೇಳಬೇಕು. ಎಷ್ಟು ತಾಸು, ನೀರು ಕುಡಿಯಬಹುದೇ, ದಿನದ ಬಿ.ಪಿ. ಗುಳಿಗೆ ತೆಗೆದುಕೊಳ್ಳಬೇಕೇ ಎಂಬುದನ್ನು ವೈದ್ಯರನ್ನೇ ಕೇಳಿ ಹೇಳಬೇಕು.

ಮಾತು ದಾಟಿಸುವಾಗ ಪಾಲಿಸಬೇಕಾದ ನಿಯಮಗಳು ಹೆಚ್ಚಿಲ್ಲ:

1. ಹೇಳಿದ್ದಷ್ಟನ್ನೇ ಹೇಳುವುದು. ಕೂಡಿಸಬಾರದು, ಕಳೆಯಬಾರದು. ‘ಎದಿ ಹಿಡ್ದಂಗ ಆಗ್ಲಕತ್ತದ, ಎಡಗೈ ಜೋಮು’ ಎಂದು ಮುತ್ಯಾ ಹೇಳಿದರೆ ‘ಗ್ಯಾಸ್ ಆಗಿದೆಯಂತೆ’ ಎಂದು ಸಾರಾಂಶ ಕೊಡಬಾರದು. ಆ ಮಾತಿನಲ್ಲಿ ಹೃದಯಾಘಾತದ ಸೂಚನೆ ಇರಬಹುದು.
2. ಒಂದೊಂದೇ ವಾಕ್ಯ ದಾಟಿಸುವುದು. ಉದ್ದ ಮಾತು ನೆನಪಿನಲ್ಲಿ ಉಳಿಯುವುದಿಲ್ಲ.
3. ಗೊತ್ತಾಗದ ಪದ ಬಂದರೆ ನಿಲ್ಲಿಸಿ ಕೇಳುವುದು. ಊಹಿಸುವುದು ಬೇಡ.
4. ರೋಗಿ ಸಂಕೋಚದಿಂದ ಹೇಳಿದ್ದನ್ನೂ ಬಿಡದೆ ಹೇಳುವುದು. ನಾಟಿ ಔಷಧಿ ಕುಡಿದದ್ದು, ಸೆರೆ ಕುಡಿಯುವುದು, ಗುಳಿಗೆ ನಡುವೆ ಬಿಟ್ಟದ್ದು ವೈದ್ಯರಿಗೆ ತಿಳಿಯಲೇಬೇಕು.
5. ಕೊನೆಗೆ ರೋಗಿಯಿಂದ ತಿರುಗಿ ಹೇಳಿಸುವುದು. ‘ತಿಳೀತೇನ್ರಿ?’ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಮನ್ಯಾಗ ಹೋಗಿ ಈ ಗುಳಿಗಿ ಹ್ಯಾಂಗ ತಗೋತೀರಿ, ಹೇಳ್ರಿ ಆಯಿ’ ಎಂದರೆ ನಿಜ ಹೊರಬರುತ್ತದೆ.

ಮಕ್ಕಳನ್ನು ದುಭಾಷಿಯಾಗಿ ನಿಲ್ಲಿಸುವುದು ತಪ್ಪು. ಶಾಲೆಯಲ್ಲಿ ಮರಾಠಿ ಕಲಿತ ಹನ್ನೆರಡು ವರ್ಷದ ಹುಡುಗನಿಗೆ ತಾಯಿಯ ಮುಟ್ಟಿನ ತೊಂದರೆಯನ್ನು ವೈದ್ಯರಿಗೆ ಹೇಳಲು ಹಚ್ಚಿದರೆ ತಾಯಿ ಅರ್ಧ ಮುಚ್ಚಿಡುತ್ತಾಳೆ, ಮಗ ಉಳಿದರ್ಧ ಮುಚ್ಚಿಡುತ್ತಾನೆ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದ ವಿವರಣೆಯನ್ನು ಸ್ವಯಂಸೇವಕ ಒಬ್ಬನೇ ಮಾಡಬಾರದು. ವೈದ್ಯರು ಎದುರಿಗಿದ್ದು ಹೇಳಬೇಕು, ಸ್ವಯಂಸೇವಕ ದಾಟಿಸಬೇಕು. ‘ಹಾಕ್ರಿ ಸಹಿ, ಏನೂ ಆಗೂದಿಲ್ಲ’ ಎಂದು ಧೈರ್ಯ ಹೇಳುವುದು ಅವನ ಅಧಿಕಾರವಲ್ಲ.

ಹೊಲದ ಔಷಧಿ ಹೊಟ್ಟೆಗೆ ಹೋಗಿ ಬಂದವರ ವಿಷಯದಲ್ಲಿ ಮನೆಯವರು ಪೊಲೀಸರ ಹೆದರಿಕೆಯಿಂದ ಮಾತು ಬದಲಿಸುವುದುಂಟು. ಏಕೆ ಕುಡಿದರು ಎಂಬ ವಿಚಾರಣೆ ಸ್ವಯಂಸೇವಕನ ಕೆಲಸವಲ್ಲ. ಯಾವ ಔಷಧಿ, ಎಷ್ಟು ಹೊತ್ತಾಯಿತು ಎಂಬುದನ್ನು ಇದ್ದದ್ದಿದ್ದಂತೆ ದಾಟಿಸಿ, ಬಾಟಲಿ ತರಿಸಿಕೊಟ್ಟರೆ ವೈದ್ಯರಿಗೆ ದೊಡ್ಡ ನೆರವು. ಔಷಧಿಯ ಹೆಸರಿನ ಮೇಲೆ ಚಿಕಿತ್ಸೆ ನಿಂತಿರುತ್ತದೆ.

ಗುಟ್ಟು ಕಾಯುವುದು

ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಸ್ವಯಂಸೇವಕನಿಗೆ ರೋಗಿಗಳು ಅಪರಿಚಿತರು. ಉಮರ್ಗಾ, ನಿಲಂಗಾದಲ್ಲಿ ಹಾಗಲ್ಲ. ಎದುರಿಗೆ ಕುಳಿತವರು ಸೋದರತ್ತೆಯ ಊರಿನವರಿರಬಹುದು, ನಾಳೆ ಬೀಗರಾಗುವವರಿರಬಹುದು. ಕ್ಷಯ, ಕುಷ್ಠ, ಎಚ್.ಐ.ವಿ., ಗರ್ಭಪಾತ, ಮಕ್ಕಳಾಗದಿರುವ ವಿಚಾರ ಒಂದು ಬಾಯಿಂದ ಹೊರಬಿದ್ದರೆ ಸಂಜೆಯೊಳಗೆ ಕಟ್ಟೆಗೆ ಬರುತ್ತದೆ. ಒಂದು ಮದುವೆ ಮುರಿಯಲು, ಒಬ್ಬರು ಗುಳಿಗೆ ನಿಲ್ಲಿಸಲು ಅಷ್ಟು ಸಾಕು. ಸಾಮಾನ್ಯ ಕ್ಷಯಕ್ಕೆ ಕನಿಷ್ಠ ಆರು ತಿಂಗಳು ತಪ್ಪದೆ ಗುಳಿಗೆ ನುಂಗಬೇಕು. ಊರಿನ ಬಾಯಿಗೆ ಹೆದರಿ ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ಬರುವ ಅಪಾಯವಿದೆ.

ಎಚ್.ಐ.ವಿ. ವಿಷಯದಲ್ಲಿ 2017ರ ಕಾಯ್ದೆಯಂತೆ ರೋಗಿಯ ಒಪ್ಪಿಗೆ ಇಲ್ಲದೆ ಬಹಿರಂಗ ಮಾಡುವುದು ಕಾನೂನಿಗೆ ವಿರುದ್ಧ. 1994ರ ಲಿಂಗ ಪತ್ತೆ ತಡೆ ಕಾಯ್ದೆಯ ಪ್ರಕಾರ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸುವುದು ಅಪರಾಧ. ‘ಸಿಸ್ಟರ್‌ಗೆ ಸುಮ್ಮ ಕೇಳು ತಂಗಿ’ ಎಂದು ಯಾರಾದರೂ ಹೇಳಿದರೆ ಸ್ವಯಂಸೇವಕಿ ಅಲ್ಲಿಯೇ ಸ್ಪಷ್ಟವಾಗಿ ಒಲ್ಲೆ ಎನ್ನಬೇಕು. ತನ್ನದೇ ಊರಿನ, ತನ್ನದೇ ಭಾವಕಿಯ ರೋಗಿ ಬಂದಾಗ ಬೇರೆ ಸ್ವಯಂಸೇವಕರನ್ನು ಕರೆಯಬೇಕೇ ಎಂದು ರೋಗಿಯನ್ನೇ ಮೆಲ್ಲಗೆ ಕೇಳುವುದು ಒಳ್ಳೆಯ ಪದ್ಧತಿ.

ತನ್ನ ಆರೋಗ್ಯ ಮೊದಲು

ಸ್ವಯಂಸೇವಕ ರೋಗ ಹೊತ್ತು ಮನೆಗೆ ಹೋಗಬಾರದು, ಮನೆಯಿಂದ ರೋಗ ಹೊತ್ತು ವಾರ್ಡಿಗೂ ಬರಬಾರದು. ನೆಗಡಿ, ಜ್ವರ, ಬೇಧಿ ಇದ್ದ ದಿನ ರಜೆ ಹಾಕಬೇಕು. ಪ್ರತಿ ರೋಗಿಯನ್ನು ಮುಟ್ಟುವ ಮೊದಲು ಮತ್ತು ಮುಟ್ಟಿದ ನಂತರ ಕೈ ತೊಳೆಯಬೇಕು. ಸೋಪು ನೀರಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು. ಹೆಪಟೈಟಿಸ್ ಬಿ ಲಸಿಕೆಯನ್ನು ಮೊದಲ ಡೋಸ್, ಒಂದು ತಿಂಗಳ ನಂತರ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಎಂಬಂತೆ ಹಾಕಿಸಿಕೊಳ್ಳುವುದು ಸೂಕ್ತ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇರುವವರ ಹತ್ತಿರ ಕೂರುವಾಗ ಮಾಸ್ಕ್ ಇರಲಿ, ಕಿಟಕಿ ತೆರೆದಿರಲಿ.

ಹಳದಿ, ಕೆಂಪು, ಬಿಳಿ, ನೀಲಿ ಎಂದು ಇಟ್ಟ ಕಸದ ಡಬ್ಬಿಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಇರುವಂಥವು. ಸ್ವಯಂಸೇವಕರು ಅವನ್ನು ಮುಟ್ಟಬಾರದು, ಊಟದ ಎಲೆ ಪೇಪರ್ ಅದರಲ್ಲಿ ಹಾಕಲೂಬಾರದು. ನೆಲದ ಮೇಲೆ ಸೂಜಿ ಬಿದ್ದಿದ್ದರೆ ಸಿಬ್ಬಂದಿಯನ್ನು ಕರೆಯಬೇಕು. ಸೂಜಿ ಚುಚ್ಚಿದರೆ ಮುಚ್ಚಿಡದೆ, ಸೋಪು ನೀರಿನಿಂದ ತೊಳೆದು ಕೂಡಲೇ ವೈದ್ಯರಿಗೆ ಹೇಳಬೇಕು. ಎಚ್.ಐ.ವಿ. ತಡೆಯುವ ಔಷಧಿಯನ್ನು 72 ತಾಸಿನೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ಆರಂಭಿಸಬೇಕಾಗುತ್ತದೆ.

ಮನಸ್ಸಿನ ಆರೋಗ್ಯವೂ ಮುಖ್ಯ. ನಿನ್ನೆ ಮಾತಾಡಿಸಿದ ಆಯಿಯ ಹಾಸಿಗೆ ಇವತ್ತು ಖಾಲಿ ಇರಬಹುದು. ಸಾವಿನ ಹೊತ್ತಿಗೆ ‘ದೇವರ ಇಚ್ಛಾ’ ಎಂದು ಉಪದೇಶ ಹೇಳುವುದಕ್ಕಿಂತ ಪಕ್ಕದಲ್ಲಿ ಸುಮ್ಮನೆ ನಿಂತು, ನೀರು ಕೊಟ್ಟು, ಊರಿಗೆ ಫೋನ್ ಹಚ್ಚಿಕೊಟ್ಟರೆ ಸಾಕು. ಹೆಣ ಒಯ್ಯುವ ಗಾಡಿ, ಕಾಗದಪತ್ರದ ದಾರಿ ತಿಳಿಸಿದರೆ ಅದಕ್ಕಿಂತ ದೊಡ್ಡ ಸಾಂತ್ವನ ಆ ಗಳಿಗೆಗೆ ಬೇರೆ ಇಲ್ಲ. ಭಾರ ಹೆಚ್ಚಾದರೆ ಎರಡು ವಾರ ಬಿಟ್ಟು ಬರುವುದರಲ್ಲಿ ತಪ್ಪಿಲ್ಲ. ಹೇಳದೆ ಬಿಡುವುದು ಮಾತ್ರ ತಪ್ಪು.

ಆಸ್ಪತ್ರೆ ಬೇಡವೆಂದರೆ?

ಎಲ್ಲ ಆಸ್ಪತ್ರೆಗಳೂ ಸ್ವಯಂಸೇವಕರನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ ಅವರದೇ ಕಾರಣಗಳಿರುತ್ತವೆ. ಆಗಲೂ ದಾರಿಗಳಿವೆ.

ರಕ್ತದಾನ: 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೊ ತೂಕದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು 90 ದಿನಕ್ಕೆ, ಹೆಂಗಸರು 120 ದಿನಕ್ಕೆ ಒಮ್ಮೆ. ಊರಿನಲ್ಲಿ ರಕ್ತದ ಗುಂಪಿನ ಪಟ್ಟಿ ಒಪ್ಪಿಗೆ ಪಡೆದು ಇಟ್ಟುಕೊಳ್ಳುವುದೂ ಸೇವೆಯೇ.

ಕ್ಷಯರೋಗಿಗಳಿಗೆ ನೆರವು: 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ನಿಕ್ಷಯ ಮಿತ್ರ ಯೋಜನೆಯಲ್ಲಿ ವ್ಯಕ್ತಿ ಅಥವಾ ಸಂಘ ಒಬ್ಬ ರೋಗಿಗೆ ಪೌಷ್ಟಿಕ ಆಹಾರದ ನೆರವು ಕೊಡಬಹುದು. ಸರ್ಕಾರವೂ ಪೋಷಣೆಗೆಂದು ತಿಂಗಳಿಗೆ ಕೊಡುತ್ತಿದ್ದ 500 ರೂ.ಗಳನ್ನು 2024ರ ನವೆಂಬರ್‌ನಿಂದ 1000 ರೂ.ಗೆ ಏರಿಸಿದೆ.

ಆಶಾ ಕಾರ್ಯಕರ್ತೆಯರ ಜೊತೆ: ಲಸಿಕೆ ದಿನ ಕನ್ನಡ ಮನೆಗಳಿಗೆ ಮುಂಚಿತವಾಗಿ ತಿಳಿಸುವುದು, ಗರ್ಭಿಣಿಯರ ತಪಾಸಣೆಗೆ ಜೊತೆಗೆ ಹೋಗುವುದು.

ಮನೆಯಲ್ಲೇ ಮಲಗಿದವರ ಆರೈಕೆ: ಕೇರಳದಲ್ಲಿ 2001ರ ಸುಮಾರಿಗೆ ಮಲಪ್ಪುರಂ ಜಿಲ್ಲೆಯಿಂದ ಬೆಳೆದ ಉಪಶಮನ ಆರೈಕೆಯ ನೆರೆಹೊರೆ ಜಾಲ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ನಡೆಯುತ್ತಿದೆ. ಗುಣವಾಗದ ರೋಗಿಯ ಮನೆಗೆ ವಾರಕ್ಕೊಮ್ಮೆ ಹೋಗಿ ಬರುವುದು ಅಲ್ಲಿ ಊರಿನವರ ಕೆಲಸವಾಗಿದೆ.

ಆಂಬುಲೆನ್ಸ್ ಕರೆಯುವಾಗ: 108 ಸೇವೆ ಕರ್ನಾಟಕದಲ್ಲಿ 2008ರಿಂದ, ಮಹಾರಾಷ್ಟ್ರದಲ್ಲಿ 2014ರಿಂದ ಇದೆ. ಗಡಿ ಊರುಗಳಲ್ಲಿ ಮೊಬೈಲ್ ಟವರ್ ನೋಡಿ ಕರೆ ಪಕ್ಕದ ರಾಜ್ಯದ ಕೇಂದ್ರಕ್ಕೆ ಹೋಗುವ ಸಾಧ್ಯತೆ ಇರುತ್ತದೆ. ಹೀಗಾಗಿ ರಾಜ್ಯ, ಜಿಲ್ಲೆ, ತಾಲೂಕು, ಊರು ಎಂಬ ಕ್ರಮದಲ್ಲಿ ಮೊದಲೇ ಹೇಳಬೇಕು. ಹೆದ್ದಾರಿಯಲ್ಲಿ ಅಪಘಾತವಾದವರನ್ನು ಆಸ್ಪತ್ರೆಗೆ ತಂದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮಿನಂತೆ ರಕ್ಷಣೆ ಇದೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ.

ಮೊದಲ ದಿನ ಜೊತೆಗಿರಬೇಕಾದದ್ದು

ಗುರುತಿನ ಚೀಟಿ, ಸಣ್ಣ ನೋಟ್‌ಬುಕ್, ದಪ್ಪ ಅಕ್ಷರ ಬರೆಯುವ ಪೆನ್ನು, ಆ ವರ್ಷದ ಸಣ್ಣ ಕ್ಯಾಲೆಂಡರ್, ಮಾಸ್ಕ್, ನೀರಿನ ಬಾಟಲಿ. ಉಂಗುರ, ಬಳೆ ಕಡಿಮೆ ಇರಲಿ, ಉಗುರು ಕತ್ತರಿಸಿರಲಿ, ಕಾಲಿಗೆ ಜಾರದ ಚಪ್ಪಲಿ ಇರಲಿ. ನೋಟ್‌ಬುಕ್‌ನಲ್ಲಿ ರೋಗಿಗಳ ಹೆಸರು ಬರೆಯಬಾರದು. ಹೊಸದಾಗಿ ಕಂಡ ಪದ, ಗೊಂದಲ ಮಾಡಿದ ಪದ ಬರೆದಿಟ್ಟುಕೊಂಡರೆ ಆರು ತಿಂಗಳಲ್ಲಿ ಆ ಆಸ್ಪತ್ರೆಗೆ ಬೇಕಾದ ಮರಾಠಿ - ಕನ್ನಡ ಪದಪಟ್ಟಿ ಸಿದ್ಧವಾಗುತ್ತದೆ. ವೈದ್ಯರಿಂದ ತಿದ್ದಿಸಿ ಹೊಸ ಸ್ವಯಂಸೇವಕರಿಗೂ, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಸಿಸ್ಟರ್‌ಗಳಿಗೂ ಅದನ್ನು ಕೊಡಬಹುದು.

ಆಸಕ್ತರು ತಮ್ಮ ಹತ್ತಿರದ ಆಸ್ಪತ್ರೆಯ ಅಧೀಕ್ಷಕರನ್ನು ಬೆಳಗಿನ ಗದ್ದಲ ಮುಗಿದ ಮೇಲೆ ಕಾಣುವುದು ಒಳ್ಳೆಯದು. ಮೊದಲ ಭೇಟಿಯಲ್ಲಿ ‘ಏನಾದರೂ ಕೆಲಸ ಕೊಡ್ರಿ’ ಎನ್ನುವ ಬದಲು ‘ಬುಧವಾರ ಹತ್ತರಿಂದ ಒಂದರವರೆಗೆ ಬರ್ತೀನಿ, ಕನ್ನಡ ಮರಾಠಿ ಎರಡೂ ಬರ್ತಾವ’ ಎಂದರೆ ಉತ್ತರ ಬೇಗ ಸಿಗುತ್ತದೆ.